‘ರೀ’ ಎಂದರೆ ಓಗೊಟ್ಟ ಕಾರು

ಮಾತಾಡದೆ ಇರುವುದು ಯಾವ ಮಹಾ ಕೆಲಸ? ಮನಸ್ಸು ಮಾಡಿದರೆ ನಾನು ಒಂದು ಗಂಟೆಯಲ್ಲ, ಇಡೀ ದಿನ ಬೇಕಾದರೂ ಬಾಯಿಗೆ ಬೀಗ ಹಾಕಿ ಕೂರಬಲ್ಲೆ! ಓದಿದ್ದು ಕಡಿಮೆ, ಕೇಳಿಸಿಕೊಂಡಿದ್ದು ಜಾಸ್ತಿ ಎಂಬ ಹೆಂಗಸು ನಾನು. ಆದ್ದರಿಂದ ನಮ್ಮ ಯಜಮಾನರ ಡ್ರೈವಿಂಗ್ ಪರೀಕ್ಷೆಯ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಸೌಟು ಎತ್ತಿ ಘೋಷಿಸಿಯೇಬಿಟ್ಟೆ: “ಇವತ್ತು ಕಾರಿನೊಳಗೆ ನನ್ನ ಬಾಯಿಂದ ‘ರೀ’ ಅನ್ನೋ ಅಕ್ಷರ ಹೊರಡಲ್ಲ!”

“ಅಕ್ಷರ ಹೊರಡಲ್ಲ, ಸರಿ. ವಾಕ್ಯ?” ಅಂದರು ಇವರು.

ಈ ‘ರೀ’ಯ ಕಥೆ ಹೇಳಬೇಕು. ಆ ಕಾರು ಮಗಳು ಕೊಡಿಸಿದ್ದು. ಬರೀ ಓಡುವ ಕಾರಲ್ಲ, ಮಾತಾಡುವ ಕಾರು. ಕನ್ನಡವನ್ನೂ ಕಲಿತುಕೊಂಡು ಬಂದಿತ್ತು. ಮೊದಲ ದಿನ ಮಗಳು ಅದರೊಳಗೆ ಕೂತು ಏನೇನೋ ಒತ್ತಿದಾಗ, “ನನ್ನನ್ನು ಏನೆಂದು ಕರೆಯುತ್ತೀರಿ?” ಅಂತ ಕೇಳಿತು. ಅವಳು ಒಳ್ಳೆಯ ಹೆಸರು ಯೋಚಿಸುತ್ತಿದ್ದಳು. ಅಷ್ಟರಲ್ಲಿ ನಾನು ಬಾಗಿಲಿಂದ “ರೀ! ಹಾಲು ಉಕ್ತಿದೆ!” ಅಂತ ಇವರನ್ನು ಕೂಗಿದೆ.

“ಧನ್ಯವಾದ. ನನ್ನ ಹೆಸರು ರೀ” ಅಂದಿತು ಕಾರು!

“ಅಮ್ಮಾ, ಬದಲಾಯಿಸ್ಬಿಡ್ಲಾ?”

“ಬೇಡ ಕಣೇ, ಇರ್ಲಿ.”

ಯಾಕೆ ಬೇಡ ಅಂದೆ ಅಂತೀರಾ? ನಲವತ್ತೈದು ವರ್ಷದಿಂದ ‘ರೀ’ ಅಂತ ಕೂಗುತ್ತಿದ್ದೇನೆ. ಪೇಪರಿನ ಹಿಂದಿನಿಂದ ಒಂದು “ಹ್ಞೂಂ” ಬಂದರೆ ಅದೇ ನನ್ನ ಪುಣ್ಯ. ಈ ಕಾರೋ, ‘ರೀ’ ಅಂದರೆ ಸಾಕು, “ಹೇಳಿ, ಕೇಳುತ್ತಿದ್ದೇನೆ” ಅನ್ನುತ್ತಿತ್ತು! ಅದೂ ಗಂಡಸಿನ ದನಿಯಲ್ಲಿ! ಆ ವಾರ ನಾನು ಕಾರು ಒರೆಸುವ ನೆಪದಲ್ಲಿ ಅದಕ್ಕೆ ನನ್ನ ಸೊಂಟನೋವನ್ನೆಲ್ಲ ಹೇಳಿಕೊಂಡೆ. ಬಾಗಿಲು ತಾನೇ ಹಾಕಿಕೊಳ್ಳುವುದು, ಬೆಲ್ಟಿಗಾಗಿ ಕೀಕೀ ಅನ್ನುವುದು ನನಗೆ ಸೇರುತ್ತಿರಲಿಲ್ಲ. ಆದರೆ ಆ ಒಂದು ಮಾತಿಗೆ ಎಲ್ಲವನ್ನೂ ಕ್ಷಮಿಸಿದ್ದೆ.

ಪರೀಕ್ಷೆ ಮಾತ್ರ ತಮಾಷೆಯದಲ್ಲ. ಎಪ್ಪತ್ತು ದಾಟಿದವರು ಮತ್ತೆ ಗಾಡಿ ಓಡಿಸಿ ತೋರಿಸಬೇಕು. ಫೇಲಾದರೆ ಲೈಸೆನ್ಸು ಹೋಯಿತು. ಆಮೇಲೆ ಬಸ್ಸೇ ಹೋಗದ ಗುಡ್ಡದಾಚೆಯ ನಮ್ಮಕ್ಕನ ಮನೆಗೆ ನನ್ನನ್ನು ಕರೆದೊಯ್ಯುವವರು ಯಾರು? ಮಂಡಿ ಮಡಚಲಾರದ ಅಕ್ಕ ಪ್ರತಿ ಗುರುವಾರ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕಾಯುತ್ತಾಳೆ. ಆವತ್ತೂ ಗುರುವಾರವೇ. ಪರೀಕ್ಷೆ ಮುಗಿಸಿ ನೇರ ಅಲ್ಲಿಗೇ ಅಂತ ಅವಳಿಗೆ ನಾಲ್ಕು ಹೊಸ ದಿಂಬು, ಒಂದು ಬಕೆಟ್ಟು ಡಿಕ್ಕಿಯಲ್ಲಿ ತುಂಬಿದ್ದೆ.

ಲೈಸೆನ್ಸ್ ಆಫೀಸಿನ ಸಾಹೇಬರಿಗೆ ಅಂಗಿಗೂ ಇಸ್ತ್ರಿ, ಮುಖಕ್ಕೂ ಇಸ್ತ್ರಿ. ಇವರ ಪಕ್ಕ ಕೂತು ಹಿಂದೆ ತಿರುಗಿದರು. “ಹೊರಗೆ ಬಿಸ್ಲು, ನೀವು ಕೂತಿರಿ ಅಮ್ಮ. ಆದ್ರೆ ಮಾತಾಡ್ಬಾರ್ದು.”

“ಮಾತಾ? ನಾನಾ?”

“ಸರಿ, ಶುರು ಮಾಡ್ರೀ” ಅಂದರು ಇಸ್ತ್ರಿ ಸಾಹೇಬರು.

“ಹೇಳಿ, ಕೇಳುತ್ತಿದ್ದೇನೆ” ಅಂದಿತು ಕಾರು.

“ಯಾರ್ರೀ ಅದು?”

“ಹೇಳಿ, ಕೇಳುತ್ತಿದ್ದೇನೆ.”

ಗಮನಿಸಿ, ಇಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ! ಆದರೆ ಸಾಹೇಬರ ಗೊಂದಲ ನೋಡಲಾಗದೆ, “ಸಾರ್, ಅದ್ರ ಹೆಸ್ರೇ ರೀ!” ಅಂದುಬಿಟ್ಟೆ.

“ಅಮ್ಮಾ, ಸುಮ್ನೆ ತಲೆ ಬಿಸಿ ಮಾಡ್ಬೇಡಿ!”

ಕಾರು ‘ಬಿಸಿ’ ಎಂಬಷ್ಟನ್ನೇ ಹಿಡಿದುಕೊಂಡಿತು. “ಬಿಸಿ ಮಾಡುತ್ತಿದ್ದೇನೆ.” ಎಲ್ಲ ಕಿಂಡಿಗಳಿಂದಲೂ ಬುಸ್ಸೆಂದು ಬಿಸಿಗಾಳಿ! ಸಾಹೇಬರ ಇಸ್ತ್ರಿ ಕರಗತೊಡಗಿತು. ನನಗೆ ತಡೆಯಲಾಗಲಿಲ್ಲ.

“ಅಯ್ಯೋ ರೀ, ಸಾಹೇಬ್ರಿಗೆ ಬೆವ್ರು ಮಳೆ ಬಂದ ಹಾಗೆ ಸುರೀತಿದೆ!”

“ಮಳೆ ಬಂದಿದೆ. ಗಾಜು ಒರೆಸುತ್ತಿದ್ದೇನೆ.”

ಸೋಪಿನ ನೀರು ಚಿಮ್ಮಿ ಮುಂದಿನ ಗಾಜೆಲ್ಲ ನೊರೆ! ಇವರು ಮಾತ್ರ ಕಲ್ಲಿನ ಹಾಗೆ ಕೂತು, ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ, ನೆಲದ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಲೇ ಇದ್ದರು. ನೊರೆಯ ಸಂದಿಯಲ್ಲಿ ನನಗೊಂದು ಕಂಬ ಕಂಡಿತು. ಉಳಿದಿದ್ದ ಪ್ರತಿಜ್ಞೆಯೂ ಗಾಳಿಗೆ ಹೋಯಿತು!

“ರೀ! ಕಂಬ! ಡಿಕ್ಕಿ! ಡಿಕ್ಕಿ!”

“ಡಿಕ್ಕಿ ತೆರೆಯುತ್ತಿದ್ದೇನೆ.”

ಹಿಂದಿನ ಮುಚ್ಚಳ ಆಕಾಶ ನೋಡಿತು. ಬಕೆಟ್ಟು ಉರುಳುತ್ತ ಆಫೀಸಿನ ಮೆಟ್ಟಿಲಿಗೆ ಬಡಿಯಿತು. ದಿಂಬುಗಳು ಒಂದೊಂದಾಗಿ ಬಿದ್ದವು; ಬೆಳಗ್ಗಿನಿಂದ ಸರದಿಯಲ್ಲಿ ನಿಂತಿದ್ದ ಜನ ಅವನ್ನು ಎತ್ತಿ, ಹಾಕಿಕೊಂಡು ಕೂತೇಬಿಟ್ಟರು!

“ನಿಲ್ಸ್ರೀ!” ಅಂತ ಕಿರುಚಿದರು ಸಾಹೇಬರು.

“ಹೇಳಿ, ಕೇಳುತ್ತಿದ್ದೇನೆ.”

“ನಿಮ್ಗಲ್ರೀ!”

“ಹೇಳಿ, ಕೇಳುತ್ತಿದ್ದೇನೆ.”

“ಸಾರ್, ಮರ್ಯಾದೆ ಕೊಡ್ಬೇಡಿ!” ಅಂದೆ ನಾನು. “ಮರ್ಯಾದೆ ಕೊಟ್ಟಷ್ಟೂ ಅದು ಬಾಯಿ ಬಿಡುತ್ತೆ!”

“ನಿಲ್ಸೋ ಮುದ್ಕಾ!” ಅಂದರು ಸಾಹೇಬರು, ಇವರಿಗೆ.

ಕಂಬಕ್ಕೆ ಒಂದು ಗೇಣು ಇರುವಾಗ, ಗೆರೆಯ ಮೇಲೇ, ಮೆತ್ತಗೆ ನಿಂತಿತು ಕಾರು. ನನ್ನ ಕಣ್ಣ ಮುಂದೆ ಅಕ್ಕನ ಕುರ್ಚಿ ಬಂತು. ನನ್ನ ಬಾಯಿಯಿಂದಲೇ ಲೈಸೆನ್ಸು ಹೋಯಿತಲ್ಲ!

ಸಾಹೇಬರು ಮುಖ ಒರೆಸಿಕೊಂಡು, ಪೆನ್ನು ತೆಗೆದು, ಇವರ ಕಡೆ ತಿರುಗಿದರು.

“ಇಷ್ಟು ಗದ್ದಲದಲ್ಲೂ ನಿಮ್ಮ ಕೈ ನಡುಗ್ಲಿಲ್ಲ. ಗೆರೆ ದಾಟ್ಲಿಲ್ಲ. ಅದು ಹೇಗೆ ಸಾಧ್ಯ ಯಜಮಾನ್ರೆ?”

“ಗದ್ದಲಾನಾ? ಯಾವ ಗದ್ದಲ ಸಾರ್?” ಅಂದರು ಇವರು. “ಹಿಂದಿನ ಸೀಟಿಂದ ಬರೋದು ಯಾವತ್ತೂ ನನ್ನ ಕಿವಿ ತನಕ ಬರಲ್ಲ. ಅಭ್ಯಾಸ.”

ಸಾಹೇಬರು ‘ಪಾಸ್’ ಅಂತ ಬರೆದರು. ಬರೆಯುವಾಗ ಅವರ ಕಣ್ಣಲ್ಲಿ ಇವರ ಬಗ್ಗೆ ಇದ್ದದ್ದು ಗೌರವವೋ, ಮರುಕವೋ, ನನಗೆ ತಿಳಿಯಲಿಲ್ಲ!

ಕೂತವರನ್ನು ಎಬ್ಬಿಸಿ ಮೂರು ದಿಂಬು ವಾಪಸ್ ತಂದೆ. ನಾಲ್ಕನೆಯದರ ಮೇಲೆ ಒಬ್ಬರು ನಿದ್ದೆ ಹೋಗಿದ್ದರು, ಬಿಟ್ಟೆ. ಕಾರು ಗುಡ್ಡದ ದಾರಿ ಹಿಡಿಯಿತು. ನನಗೆ ಸಂತೋಷವೂ ಹೌದು, ಅವಮಾನವೂ ಹೌದು. ಇವರಿಗೆ ಹೇಳಿ ಪ್ರಯೋಜನವಿಲ್ಲ ಅಂತ ಈಗ ಸರ್ಕಾರಿ ಕಾಗದವೇ ಸಾಕ್ಷಿ! ಮುಂದಕ್ಕೆ ಬಾಗಿ, ಕಾರಿನ ಕಡೆಗೆ ಮೆಲ್ಲಗೆ ಅಂದೆ:

“ರೀ, ನೀವಾದ್ರೂ ಕೇಳಿ...”

“ಹಿಂದಿನ ಸೀಟಿನಲ್ಲಿ ಗದ್ದಲ ಹೆಚ್ಚಾಗಿದೆ. ಆ ಕಡೆಯ ಮಾತು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದೇನೆ.”

ಇವರು ಸ್ಟೇರಿಂಗನ್ನು ಮೆಲ್ಲಗೆ ತಟ್ಟಿದರು. “ಶಭಾಷ್! ಒಂದೇ ವಾರಕ್ಕೆ ಕಲಿತ್ಯಲ್ಲೋ! ನನಗೆ ನಾಲ್ಕು ವರ್ಷ ಹಿಡೀತು.”