ಒಂಟಿ ಕಯಾಕಿಗೆ ಜೋಡಿ ಸನ್ಮಾನ

ಕೆಲಸ ಮಾಡದೇನೇ ಸುಸ್ತಾಗೋದು ನಮ್ಮನೆಯವರಿಗೆ ಹೊಸದಲ್ಲ. ಚನ್ನರಾಯಪಟ್ಟಣದ ನಮ್ಮ ಬೇಕರೀಲಿ ಒಲೆ ಮುಂದೆ ನಾನು, ಫ್ಯಾನಿನ ಕೆಳಗೆ ಅವರು. ಸಾಯಂಕಾಲ "ಉಸ್ಸಪ್ಪಾ" ಅನ್ನೋರು ಮಾತ್ರ ಅವರೇ. ಗೊರೂರು ಹಿನ್ನೀರಲ್ಲಿ ಕಯಾಕ್ ಅನ್ನೋ ಕಿರುದೋಣಿ ನಡೆಸೋದು ಕಲಿಯೋಕೆ ಇಬ್ಬರೂ ಸೇರಿದ ಮೇಲಾದರೂ ಬದಲಾದಾರು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

೧. ಹಿಂದಿನ ಸೀಟು

ಅದೇ ಹಿನ್ನೀರಲ್ಲಿ ಬಲುದೂರ ಹುಟ್ಟು ಹಾಕೋ ಸ್ಪರ್ಧೆಗೆ ಇಬ್ಬರು ಕೂರೋ ಕಯಾಕಲ್ಲಿ ಹೆಸರು ಕೊಟ್ಟಿದ್ವಿ. ಮುಂದೆ ನಾನು, ಹಿಂದೆ ಅವರು. ಪ್ರಾಕ್ಟೀಸ್ ಉದ್ದಕ್ಕೂ "ಎಳಿಯೇ! ಸೊಂಟದಿಂದ ಎಳಿಯೇ!" ಅಂತ ಒಂದೇ ಕೂಗು. ಭುಜ ಬಿದ್ದುಹೋಗಿ ಹಿಂದೆ ತಿರುಗಿದರೆ, ಅವರ ಹುಟ್ಟು ತೊಡೆ ಮೇಲೆ ಮಲಗಿದೆ, ಇವರು ನಿಪ್ಪಟ್ಟು ಕಡೀತಿದ್ದಾರೆ.

"ಏನ್ರೀ ಇದು?"

"ಬ್ಯಾಲೆನ್ಸ್ ಮಾಡ್ತಿದ್ದೀನಿ ಕಣೇ. ಇಬ್ರೂ ಎಳುದ್ರೆ ಮಗುಚ್ಕಳಲ್ವಾ?"

ಆ ನಿಪ್ಪಟ್ಟನ್ನೂ ನಾನೇ ಕರಿದದ್ದು.

೨. ಅತ್ತೆಯ ತೀರ್ಪು

ಸ್ಪರ್ಧೆಗೆ ವಾರ ಇದೆ ಅನ್ನುವಾಗ, "ನನಗೆ ಒಬ್ಬರೇ ಕೂರೋ ಕಯಾಕ್ ಕೊಡಿ" ಅಂದೆ.

"ಈಗ ಬದಲಾಯಿಸಿದ್ರೆ ಕಷ್ಟ ಮೇಡಂ" ಅಂದ ಕೋಚ್.

"ಹಿಂದಿನ ಸೀಟಿಂದ ತೊಂಬತ್ತು ಕೆಜಿ ಇಳಿಸ್ತಿದ್ದೀನಿ, ಅದೆಂಥ ಕಷ್ಟ?"

ಹೊಳೆನರಸೀಪುರದಿಂದ ಅತ್ತೆ ಫೋನು ಬಂತು. "ಗಂಡನ್ನ ದಡದ್ ಮ್ಯಾಲೆ ಬುಟ್ಟು ಒಬ್ಳೇ ಓಯ್ತೀಯಂತೆ? ನೋಡ್ದೋರು ಏನಂದಾರವ್ವಾ?"

"ಹಾಗಾದ್ರೆ ನೀವೇ ಬನ್ನಿ ಅತ್ತೆ, ಮುಂದಿನ ಸೀಟು ಖಾಲಿ ಇದೆ."

ಅತ್ತೆ ದನಿ ಇಳಿಸಿದರು, "ಬ್ಯಾಡ ಕಣವ್ವ. ಮದುವೆ ಆಗೋಗಂಟ ಅವನ್ನ ನಾನೇ ಎಳ್ದಿವ್ನಿ, ಇನ್ನಾಗಲ್ಲ."

೩. ಗಂಡಸಿನ ಮಾತು

ಒಂಟಿ ಕಯಾಕು ಮೊದಲ ದಿನ ಮುಂದಕ್ಕೇ ಹೋಗಲಿಲ್ಲ, ನಿಂತಲ್ಲೇ ಗಿರಗಿರ ತಿರುಗಿತು. ದಡದಲ್ಲಿ ಇವರು ಮೀನು ಹಿಡಿಯೋರನ್ನೆಲ್ಲ ಸೇರಿಸಿಕೊಂಡು, "ನೋಡ್ರಪ್ಪಾ, ಹಿಟ್ಟು ರುಬ್ತಾವ್ಳೆ!" ಅಂತ ನಕ್ಕರು. ಸಾಲದು ಅಂತ ಮೀಸೆ ಬೇರೆ ತಿರುವಿದರು. "ಸ್ಪರ್ಧೇಲಿ ಇವ್ಳು ಒಬ್ಳೇ ಗುರಿ ಮುಟ್ಟುದ್ರೆ, ಮಾರನೇ ದಿನದಿಂದ ಬನ್ನಿನ ಹಿಟ್ಟು ನಾನೇ ನಾದ್ತೀನಿ. ಗಂಡಸಿನ ಮಾತು ಇದು!"

ನನಗೆ ಮೈಯೆಲ್ಲ ಉರಿದುಹೋಯಿತು. ಬಹುಮಾನದ ಕಪ್ ಯಾರಿಗೆ ಬೇಕು? ಆ ಹಿಟ್ಟಿನ ತೊಟ್ಟಿ ಅವರ ಕೈಗೆ ದಾಟಿದರೆ ಸಾಕು ಅಂತ ಹಟ ಹಿಡಿದೆ.

ಮೀನು ಹಿಡಿಯೋರಲ್ಲಿ ಒಬ್ಬ ಮಾತ್ರ ಮೆಲ್ಲಗೆ, "ನಾದಕ್ಕೆ ಬತ್ತದಾ ಸಾ ನಿಮ್ಗೆ?" ಅಂದ.

೪. ದಂಪತಿ ಸನ್ಮಾನ

ಸ್ಪರ್ಧೆ ದಿನ ಎದುರುಗಾಳಿ, ಅಂಗೈಯೆಲ್ಲ ಬೊಬ್ಬೆ. ಎಲ್ಲರಿಗಿಂತ ಕೊನೆಗೆ ಬಂದೆ, ಆದರೆ ಬಂದೆ! ಒಂಟಿ ಕಯಾಕಲ್ಲಿ ಗುರಿ ಮುಟ್ಟಿದ ಒಬ್ಬಳೇ ಹೆಂಗಸು ಅಂತ ಸನ್ಮಾನಕ್ಕೆ ವೇದಿಕೆಗೆ ಕರೆದರು. ಅರಕಲಗೂಡಿನ ಮುಖ್ಯ ಅತಿಥಿಗಳು, "ಹೆಣ್ಮಗಳನ್ನ ಒಬ್ಬಳನ್ನೇ ಕೂರಿಸೋದು ಚೆಂದವಲ್ಲ, ದಂಪತಿ ಸಮೇತ ಸನ್ಮಾನ ಮಾಡಿ" ಅಂದರು. ಪೇಟ, ಶಾಲು, ಹಾರ ನಮ್ಮನೆಯವರಿಗೆ. ನನಗೆ ಅರಿಶಿನ-ಕುಂಕುಮ, ಎರಡು ಮೂಸಂಬಿ. ಮೈಕೂ ಅವರ ಕೈಗೇ ಹೋಯಿತು.

"ಗಾಳಿ ಜೋರಿತ್ತು. ಆದ್ರೂ ನಾವು ಬಿಡ್ಲಿಲ್ಲ" ಅಂದರು, ಇಸ್ತ್ರಿ ಮಡಿಕೆ ಮುರಿಯದ ಅಂಗಿಯಲ್ಲಿ.

ನಾವಂತೆ, ನಾವು! ಮೈಕ್ ಕಿತ್ತುಕೊಂಡು ಅವರ 'ಗಂಡಸಿನ ಮಾತ'ನ್ನ ಇಡೀ ಸಭೆಗೆ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಪೇಟದ ಕೆಳಗೆ ಅವರ ಮುಖ ಇಷ್ಟೇ ಇಷ್ಟಾಯಿತು.

ಮಾರನೇ ಬೆಳಗ್ಗೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಅವರು ನಾದುತ್ತಿದ್ದರೆ, ಫ್ಯಾನಿನ ಕೆಳಗೆ ಕೂತು ನಾನು ಕೂಗ್ತಿದ್ದೆ: "ನಾದ್ರೀ! ಸೊಂಟದಿಂದ ನಾದ್ರೀ!"

"ನೀನೂ ಒಂದ್ ಕೈ ಹಾಕ್ಬಾರ್ದೇನೇ?" ಅಂತ ಏದುಸಿರು ಬಿಡುತ್ತಾ ತಿರುಗಿದರು.

ನಾನು ನಿಪ್ಪಟ್ಟು ಕಡಿದೆ. "ಬ್ಯಾಲೆನ್ಸ್ ಮಾಡ್ತಿದ್ದೀನಿ ಕಣ್ರೀ."