ಸಮಸ್ತ ಪ್ರಯಾಣಿಕರ ಪರವಾಗಿ

ಇಷ್ಟಕ್ಕೆಲ್ಲ ಕಾರಣ ಸಂಜೀವಪ್ಪನ ಬಿಳಿ ಪಂಚೆ.

ಅದು ಯುದ್ಧದ ಕಾಲ. ಪೆಟ್ರೋಲೆಲ್ಲ ಸಿಪಾಯಿಗಳ ಪಾಲಾಗಿ, ಮಡಕಶಿರದಿಂದ ಪೆನುಕೊಂಡಕ್ಕೆ ಓಡುವ ವಾಯುವೇಗ ಮೋಟಾರ್ ಕಂಪನಿಯ ಬಸ್ಸು ಇದ್ದಲಿನ ಹೊಗೆಯಿಂದ ನಡೆಯುತ್ತಿತ್ತು. ಬೆನ್ನಿಗೆ ಒಲೆ ಕಟ್ಟಿಕೊಂಡು ಗೂರಲು ಹತ್ತಿದ ಮುದುಕನಂತೆ ಕೆಮ್ಮುತ್ತ ಹೊರಡುವುದು, ಏರು ಕಂಡಲ್ಲಿ ನಿಲ್ಲುವುದು. "ದಿಗಂಡಯ್ಯಾ ದಿಗಂಡಿ! ಇಳ್ದು ತಳ್ಳಿ!" ಎಂದು ಡ್ರೈವರ್ ಯರ್ರಪ್ಪ ಕೂಗಿದರೆ ಟಿಕೀಟು ಕೊಂಡವರೆಲ್ಲ ಇಳಿದು ತಳ್ಳಬೇಕು.

ಎಲೆ ವ್ಯಾಪಾರಿ ಸಂಜೀವಪ್ಪ ಮಗಳ ಸಂಬಂಧ ಮಾತಾಡಲು ಬೀಗರ ಊರಿಗೆ ಹೋದ ದಿನವೂ ತಳ್ಳಿದ್ದ. ಅವರ ಬಾಗಿಲು ಮುಟ್ಟುವ ಹೊತ್ತಿಗೆ ಪಂಚೆ, ಮೀಸೆ, ಮುಖ ಎಲ್ಲ ಒಂದೇ ಬಣ್ಣ. ಬೀಗಿತಿ ಅವನನ್ನು ಮೇಲೆ ಕೆಳಗೆ ನೋಡಿ, "ಇದ್ಲು ಹಿತ್ಲಾಗೆ ಸುರ್ದು ಓಗಪ್ಪ" ಎಂದಳು.

ಸಂಬಂಧವೇನೋ ಕುದುರಿತು. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. "ದುಡ್ಡು ಕೊಟ್ಟು ಗಾಡಿ ತಳ್ಳಾಕೆ ನಾವೇನು ಎತ್ತುಗಳಾ? ಮದ್ರಾಸ್ನಾಗೆ ಫ್ಯಾನಿನ ಕೆಳಗೆ ಕುಂತವ್ನೆ ಕಂಪನಿಯೋನು! ಅವನನ್ನ ಕೋರ್ಟಿಗೆ ಎಳೀಬೇಕು!" ಎಂದು ಊರ ಬಸ್‌ಸ್ಟಾಂಡಿನಲ್ಲಿ ನಿಂತು ಕೂಗಾಡಿದ.

ತಾಲೂಕು ಕಚೇರಿಯ ಜವಾನ ಜಯಣ್ಣನಿಗೆ ಅಷ್ಟೇ ಸಾಕಾಯಿತು. ಊರವರ ತಲೆನೋವಿಗೆಲ್ಲ ತನ್ನ ತಲೆ ಕೊಡುವ ಮನುಷ್ಯ ಅವನು. "ಒಬ್ಬ ನಿಂತ್ರೆ ಎಲ್ರ ಪರವಾಗೂ ದಾವಾ ಹಾಕಬೋದು ಕಣ್ರಪ್ಪ. ನಮ್ಮೂರ ವಕೀಲರೇ ಹೇಳವ್ರೆ."

"ಯಾರು ನಿಲ್ಲೋದು?" ಎಂದಳು ಒಗ್ಗರಣೆ ಮಂಡಕ್ಕಿ ಮಾರುವ ಪಾಲಮ್ಮ.

ಎಲ್ಲರೂ ಸಂಜೀವಪ್ಪನ ಕಡೆ ನೋಡಿದರು. ಅವನು ಇನ್ನೂ ಕೂಗಾಡುತ್ತಲೇ ಇದ್ದ. ಹೀಗೆ ಅವನು ವಾದಿಯಾದ.

ವಿಚಾರಣೆಯ ದಿನ ಪೆನುಕೊಂಡದ ಮುನ್ಸಿಫ್ ಕೋರ್ಟಿಗೆ ಹೋಗಲು ಇದ್ದದ್ದು ಅದೇ ಬಸ್ಸು. ವಕೀಲರು ಮುಂದಿನ ಸೀಟಿನಲ್ಲಿ ಕೋಟು ಮಡಿಸಿ ಕೂತರು. ಹಿಂದೆ ಜಯಣ್ಣ, ಪಾಲಮ್ಮ, ಸಂಜೀವಪ್ಪನ ಹೆಂಡತಿ ಈಶ್ವರಮ್ಮ, ಅರ್ಧ ಊರು. ನಡುದಾರಿಯ ಏರಿನಲ್ಲಿ ಬಸ್ಸು ನಿಂತಿತು.

"ದಿಗಂಡಯ್ಯಾ!" ಎಂದ ಯರ್ರಪ್ಪ.

"ಇಳಿಯಲ್ಲ!" ಸಂಜೀವಪ್ಪ ಸೀಟನ್ನು ತಬ್ಬಿ ಹಿಡಿದ. "ತಳ್ಳೋದ್ರ ಮೇಲೇ ದಾವಾ ಹಾಕಿ, ಮತ್ತೆ ತಳ್ಳಾದಾ? ಮಾನ ಬ್ಯಾಡ್ವಾ?"

ವಕೀಲರು ತಿರುಗಿದರು. "ಕೂಗಿದಾಗ ವಾದಿ ಹಾಜರಿಲ್ಲದಿದ್ದರೆ ದಾವೆ ವಜಾ. ಆಮೇಲೆ ಕಂಪನಿಯ ಖರ್ಚೂ ನೀನೇ ಕಟ್ಟಬೇಕು."

"ಇಳ್ದು ತಳ್ಳು, ಮಾರಾಯ," ಎಂದಳು ಈಶ್ವರಮ್ಮ.

ಕಂಪನಿಗೂ ಅದರ ವಂಶಕ್ಕೂ ಶಾಪ ಹಾಕುತ್ತ ಸಂಜೀವಪ್ಪ ತಳ್ಳಿದ. ಒಲೆಯ ಮುಚ್ಚಳ ಹಾರಿ ಎಲ್ಲರ ಮೇಲೂ ಬೂದಿ ಮಳೆ ಸುರಿಯಿತು. ಕೋರ್ಟಿನ ಬಿಲ್ಲೆ ಜವಾನ ಅವರನ್ನು ಕಂಡು ಬಾಗಿಲಿಗೆ ಅಡ್ಡ ನಿಂತ. ವಕೀಲರು ಬಂದು ಒಳಗೆ ಬಿಡಿಸಬೇಕಾಯಿತು.

ಮುನ್ಸಿಫರು ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ನೋಡಿ, "ಇವರೆಲ್ಲ ಯಾರು?" ಎಂದರು.

"ಸಾಕ್ಷ್ಯ, ಮೈ ಲಾರ್ಡ್," ಎಂದರು ವಕೀಲರು.

ಮದ್ರಾಸಿನಿಂದ ಬಂದಿದ್ದ ಕಂಪನಿಯ ಮ್ಯಾನೇಜರು ಸಾಕ್ಷ್ಯವನ್ನು ನೋಡಿ ಮೂಗಿಗೆ ಕರವಸ್ತ್ರ ಹಿಡಿದ. ತನ್ನ ವಕೀಲನ ಕಿವಿಯಲ್ಲಿ ಏನೋ ಉಸುರಿದ. ಮಧ್ಯಾಹ್ನದ ಬಿಡುವಿನಲ್ಲಿ ಎರಡೂ ಕಡೆಯ ವಕೀಲರು ಹುಣಸೆ ಮರದ ನೆರಳಿಗೆ ಹೋಗಿ, ನಗುನಗುತ್ತ ಬಂದರು.

"ರಾಜಿ! ಕಂಪನಿ ಸೋತಿತು. ಪರಿಹಾರವಾಗಿ ಬಸ್ಸನ್ನೇ ಪ್ರಯಾಣಿಕರಿಗೆ ಬಿಟ್ಟುಕೊಡುತ್ತಂತೆ!" ಎಂದು ಸಾರಿದರು ಊರ ವಕೀಲರು.

ಜನ ಕುಣಿದಾಡಿದರು. ಸಂಜೀವಪ್ಪ ಮಾತ್ರ ಕದಲಲಿಲ್ಲ. "ನಂಗೆ ಬಸ್ ಬ್ಯಾಡ ಸ್ವಾಮಿ. ಆ ಮ್ಯಾನೇಜರ್ ನನ್ ಮುಂದೆ ನಿಂತು ತಪ್ಪಾಯ್ತು ಅನ್ಲಿ. ಅಷ್ಟೇ."

"ಕಾಯಿದೆಯಲ್ಲಿ ಅದಕ್ಕೆ ಜಾಗವಿಲ್ಲಪ್ಪ," ಎಂದರು ವಕೀಲರು.

"ಊರಿಗೆ ಊರೇ ಗೆದ್ದೈತೆ, ನಿಂದೇನು ಒಬ್ಬಂದು ತಕರಾರು? ಆಕು ರುಜು!" ಜಯಣ್ಣ ಅವನ ಕೈ ಹಿಡಿದು ಲೇಖನಿ ತುರುಕಿದ. ಸಂಜೀವಪ್ಪ ಹಲ್ಲು ಕಡಿಯುತ್ತ ರುಜು ಹಾಕಿ ತಲೆಯೆತ್ತಿದ. ತಪ್ಪು ಒಪ್ಪಬೇಕಾದ ಮ್ಯಾನೇಜರು ಆಗಲೇ ಜಟಕಾ ಏರಿ, ರೈಲ್ವೆ ಸ್ಟೇಷನ್ನಿನ ಕಡೆ ಓಡಿಸಿಕೊಂಡು ಹೋಗುತ್ತಿದ್ದ. ತಾನು ಹಿಡಿದಿದ್ದ ಕರಡಿಯ ಬಾಲವನ್ನು ಬೇರೆಯವರ ಕೈಗೆ ಕೊಟ್ಟವನ ಅವಸರ ಅವನದು.

ಸಂಜೆ ಊರಿನತ್ತ ಹೊರಟರು. ಬಸ್ಸಿನ ಒಂದೇ ಒಂದು ಒಳ್ಳೆಯ ಟೈರು, ಹೆಚ್ಚುವರಿಯಾಗಿ ಇಟ್ಟಿದ್ದದ್ದು, ವಕೀಲರ ಫೀಸಿಗೆ ಹೋಗಿತ್ತು. ಅವರು ಅದನ್ನು ಪಕ್ಕದಲ್ಲೇ ಮಗುವಿನಂತೆ ಕೂರಿಸಿಕೊಂಡಿದ್ದರು. ಹಾಡು, ಕೇಕೆ, ಪಾಲಮ್ಮನ ಮಂಡಕ್ಕಿ. ಸಂಜೀವಪ್ಪನಿಗೂ ಮನಸ್ಸು ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಬಸ್ಸು ಎರಡು ಸಲ ಕೆಮ್ಮಿ ನಿಂತಿತು.

ಸಂಜೀವಪ್ಪ ಪಂಚೆ ಎತ್ತಿ ಕಟ್ಟಿ ಇಳಿದು ಹಿಂದಕ್ಕೆ ಹೋದ. ಪಕ್ಕದಲ್ಲಿ ಯಾರ ಕೈಯೂ ಕಾಣಲಿಲ್ಲ. ತಿರುಗಿ ನೋಡಿದರೆ ಒಬ್ಬರೂ ಇಳಿದಿಲ್ಲ.

"ಬರ್ರೋ! ನಮ್ದೇ ಬಸ್ಸಲ್ವಾ!"

ಯರ್ರಪ್ಪ ಡ್ರೈವರ್ ಸೀಟಿನಿಂದ ತಲೆ ಹೊರಹಾಕಿ, ಎಂದೂ ಇಲ್ಲದ ವಿನಯದಿಂದ ಹೇಳಿದ: "ಕಾಗದದಾಗೆ ನಿಮ್ ಒಬ್ರ ಹೆಸ್ರೇ ಇರಾದು, ಯಜಮಾನ್ರೇ. ಇದ್ಲೂ ಮುಗ್ದೈತೆ."

ಸಂಜೀವಪ್ಪ ವಕೀಲರನ್ನು ನೋಡಿದ. ವಕೀಲರು ಟೈರನ್ನು ನೋಡುತ್ತಿದ್ದರು.

"ಟಿಕೀಟ್ ತಗಂಡಿವ್ನಿ ನಾನು!" ಎಂದು ಜಯಣ್ಣ ಕಿಟಕಿಯಿಂದ ಗುಡುಗಿದ. ಪೆನುಕೊಂಡದಲ್ಲಿ ಯರ್ರಪ್ಪ ಯಾರನ್ನೂ ಬಿಡದೆ ಟಿಕೀಟು ಹರಿದಿದ್ದ. "ದುಡ್ಡು ಇಸ್ಕಂಡು ನಡುದಾರೀಲಿ ನಿಲ್ಸಾದು, ಮೇಲೆ ತಳ್ಳಿ ಅನ್ನಾದು! ಏನಂತ ತಿಳ್ಕಂಡವ್ನೆ ಇವ್ನು ಜನಾನ?"

"ಬಸ್ ಬಂದು ಒಂದೊತ್ತಾಗಿಲ್ಲ, ಆಗ್ಲೇ ಕೊಬ್ಬು ನೋಡು," ಎಂದಳು ಪಾಲಮ್ಮ.

ಬಸ್ಸಿನೊಳಗೆ ಗುಸುಗುಸು ಎದ್ದಿತು. ವಕೀಲರು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು.

"ಹಾಗಾದರೆ ಈ ಸಲ ಎಲ್ಲರ ಪರವಾಗಿ ಯಾರು ನಿಲ್ಲುತ್ತೀರಿ?"

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಈಶ್ವರಮ್ಮ.