ಹೆಂಡತಿಯ ಮನಸ್ಸು ವಿಚಾರಿಸಲು ಹೋಗಿ

ಬಿಟ್ಟಿಯಾಗಿ ಸಿಗುವ ಉಪದೇಶವನ್ನು ಹಾಳುಮಾಡುವುದು ನನ್ನಿಂದಾಗದು. ಉಳಿದವರು ಉಪದೇಶ ಕೇಳಿ, ತಲೆಯಾಡಿಸಿ, ಅದನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ನಾನು ಮನೆಗೆ ತಂದು ಬಳಸುತ್ತೇನೆ. ಮೆಂತ್ಯ ನೆನೆಸಿದ ನೀರು ಮೈಗೆ ಒಳ್ಳೆಯದೆಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಹೇಳಿದರು. ಬೆಳಗಿನ ತರಗತಿಯಲ್ಲಿ ನನ್ನ ಮುಖ ನೋಡಿ ವಿದ್ಯಾರ್ಥಿಗಳು ಹೆದರುವವರೆಗೂ ಅದನ್ನು ಕುಡಿದೆ. ತುತ್ತನ್ನು ನೀರಾಗುವಷ್ಟು ಅಗಿಯಬೇಕೆಂದು ಯಾರೋ ಮೊಬೈಲಿನಲ್ಲಿ ಕಳಿಸಿದ್ದರು. ನಾನು ಒಂದು ಜೋಳದ ರೊಟ್ಟಿ ಮುಗಿಸುವಷ್ಟರಲ್ಲಿ ಮನೆಯವರೆಲ್ಲ ಉಂಡು, ಪಾತ್ರೆ ತೊಳೆದು, ನನ್ನ ತಟ್ಟೆಯೊಂದಕ್ಕಾಗಿ ಕಾಯುತ್ತಿದ್ದರು. ಬರಿಗಾಲಲ್ಲಿ ಹಸಿರು ಹುಲ್ಲಿನ ಮೇಲೆ ನಡೆದರೆ ಕಣ್ಣು ಚುರುಕಾಗುತ್ತದೆಂದು ಕೇಳಿ, ರಾಯಚೂರಿನಲ್ಲಿ, ಅದೂ ಸುಡು ಬೇಸಿಗೆಯಲ್ಲಿ, ಹಸಿರು ಹುಲ್ಲು ಹುಡುಕಿ ಹೊರಟವನು ನಾನು. ಕೊನೆಗೆ ಯಾವುದೋ ಕಚೇರಿಯ ಮುಂದೆ ಒಂದು ಚಾಪೆಯಷ್ಟು ಹುಲ್ಲು ಸಿಕ್ಕಿತು. ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದಾಗ ಅಲ್ಲಿನ ಕಾವಲುಗಾರ ಬಂದು, "ಚಪ್ಪಲ್ ಕಳಕೊಂಡೀರೇನ್ರಿ ಸರ?" ಎಂದು ತಾನೂ ಬಗ್ಗಿ ಹುಡುಕತೊಡಗಿದ.

ಇಂಥ ನನ್ನನ್ನು ಒಂದು ತರಬೇತಿಯಲ್ಲಿ ಕೂಡಿಸಿದರೆ ಏನಾಗಬೇಕೋ ಅದೇ ಆಯಿತು. ನಾನು ದೇವದುರ್ಗದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ, ಮನೆ ರಾಯಚೂರಿನಲ್ಲಿ. ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿಗೆ ಹೊರಗಿನಿಂದ ಒಬ್ಬ ತಜ್ಞರು ಬಂದು ಆರೋಗ್ಯ, ಸಂಬಂಧ, ಒತ್ತಡದ ಬದುಕು ಎಂದೆಲ್ಲ ಇಡೀ ದಿನ ಮಾತಾಡಿದರು. ಸಹೋದ್ಯೋಗಿಗಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದರಲ್ಲಿ ಪಳಗಿದವರು. ನಾನೊಬ್ಬನೇ ಮುಂದಿನ ಸಾಲಿನಲ್ಲಿ ಎಚ್ಚರವಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣಿ ಎಂದರು, ನಡೆಯಿರಿ ಎಂದರು. ಇವೆರಡೂ ನಾನು ಮಾಡಿ ಬಿಟ್ಟವು. ಮೂರನೆಯದು ಮಾತ್ರ ಹೊಸದು. ಗಂಡ ಹೆಂಡತಿ ದಿನವೂ ಸ್ವಲ್ಪ ಹೊತ್ತು ಮೊಬೈಲು ದೂರವಿಟ್ಟು, ಎದುರುಬದುರು ಕೂತು, ಮನಸ್ಸು ಬಿಚ್ಚಿ ಮಾತಾಡಬೇಕಂತೆ.

ಬಸ್ಸಿನಲ್ಲಿ ಮನೆಗೆ ಬರುತ್ತ ಯೋಚಿಸಿದೆ. ನಾನೂ ನನ್ನ ಹೆಂಡತಿ ಹುಲಿಗೆಮ್ಮನೂ ಮಾತಾಡುವುದಿಲ್ಲ ಎಂದೇನಿಲ್ಲ. ನಳ ಬಂತೇನು, ಗ್ಯಾಸ್ ಮುಗೀತೇನು, ಕರೆಂಟ್ ಯಾವಾಗ ಹೋಯಿತು, ಇಷ್ಟು ಮಾತು ದಿನವೂ ಇರುತ್ತದೆ. ಮಗಳು ಕಲಬುರಗಿಗೆ ಓದಲು ಹೋದ ಮೇಲೆ ಅವಳು ಫೋನ್ ಮಾಡಿದಳೇ ಎಂಬ ಇನ್ನೊಂದು ಪ್ರಶ್ನೆ ಸೇರಿದೆ. ಆದರೆ ಈ ಮಾತುಗಳನ್ನು ಮನಸ್ಸು ಬಿಚ್ಚಿ ಆಡಿದ್ದೇವೆಂದು ಹೇಳುವಂತಿಲ್ಲ. ಬಸ್ಸು ಇಳಿಯುವ ಹೊತ್ತಿಗೆ ನನ್ನ ದಾಂಪತ್ಯದ ಬಗ್ಗೆ ನನಗೇ ಕನಿಕರ ಹುಟ್ಟಿತ್ತು.

ಹುಲಿಗೆಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಾನು ಹೋದಾಗ ಮಷಿನ್ನಿನ ಮುಂದೆ ಕೂತಿದ್ದಳು, ತುಟಿಗಳ ನಡುವೆ ಗುಂಡುಸೂಜಿಗಳು. ನಾನು ಮೊಬೈಲನ್ನು ಒಳಗಿನ ಕೋಣೆಯಲ್ಲಿಟ್ಟು, ಕುರ್ಚಿ ಎಳೆದು ಅವಳ ಎದುರು ಕೂತು, ತಜ್ಞರು ಹೇಳಿಕೊಟ್ಟಂತೆ ದನಿ ತಗ್ಗಿಸಿ ಕೇಳಿದೆ:

"ಹುಲಿಗೆಮ್ಮಾ, ಇವತ್ತು ನಿನ್ನ ಮನಸ್ಸು ಹೆಂಗದ?"

ಮಷಿನ್ನು ನಿಂತಿತು. ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಯಾಕ್ರಿ, ಏನಾತು?"

"ಏನೂ ಆಗಿಲ್ಲ. ಸುಮ್ನ ಕೇಳಿದೆ."

"ಸುಮ್ನ ಯಾಕ ಕೇಳ್ತೀರಿ?"

"ನಿನ್ನ ಮನಸ್ಸಿನ್ಯಾಗ ಏನದ ಅಂತ ನನಗ ಗೊತ್ತಾಗಬೇಕಲ್ಲ."

"ನನ್ನ ಮನಸ್ಸಿನ್ಯಾಗ ಎದುರುಮನಿ ಅಕ್ಕನ ಬ್ಲೌಸಿನ ತೋಳು ಅದ. ನಾಳಿ ಮದಿವಿಗೆ ಹೊಂಟಾಳ. ಸರೀರಿ, ಬೆಳಕಿಗೆ ಅಡ್ಡ ಕುಂತೀರಿ."

ಮೊದಲ ದಿನ ಹೀಗೆಯೇ ಆಗುತ್ತದೆ, ಧೈರ್ಯಗೆಡಬಾರದು ಎಂದು ತಜ್ಞರು ಮೊದಲೇ ಹೇಳಿದ್ದರು. ಎದುರಿನವರು ಬಾಯಿ ಬಿಡದಿದ್ದರೆ ನಾವೇ ಮೊದಲು ಮನಸ್ಸು ತೆರೆಯಬೇಕು, ನಮ್ಮ ಭಯಗಳನ್ನು ಹೇಳಿಕೊಳ್ಳಬೇಕು, ಕೃತಜ್ಞತೆ ತೋರಿಸಬೇಕು. ಮರುದಿನ ಸಂಜೆ ನಾನು ಬೆಳಕಿಗೆ ಅಡ್ಡವಾಗದಂತೆ ಕೂತು ಅಷ್ಟನ್ನೂ ಮಾಡಿದೆ. "ನೀ ಇದ್ದಿದ್ದಕ್ಕ ಈ ಮನಿ ನಿಂತದ" ಎಂದೆ. "ನನಗೂ ಒಮ್ಮೊಮ್ಮೆ ಅಂಜಿಕಿ ಆಗ್ತದ" ಎಂದೆ. ಏನಕ್ಕೆ ಎಂದು ಅವಳು ಕೇಳಿದಾಗ ಥಟ್ಟನೆ ಏನೂ ಹೊಳೆಯದೆ, "ಮನಷಾನ ಜೀವ, ಯಾವಾಗ ಏನಾಗ್ತದೋ" ಎಂದುಬಿಟ್ಟೆ. ಮುಗಿಸುವಾಗ, "ಇಷ್ಟು ವರ್ಷದಾಗ ನಾ ಏನರ ತಪ್ಪು ಮಾಡಿದ್ರ ಮನಸ್ಸಿನ್ಯಾಗ ಇಟ್ಕೋಬ್ಯಾಡ" ಎಂದೂ ಸೇರಿಸಿದೆ. ಹೇಳಿದ ಮೇಲೆ ಮೈ ಹಗುರಾಯಿತು. ಹುಲಿಗೆಮ್ಮ ಮಾತ್ರ ಕತ್ತರಿ ಹಿಡಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಮಾತು ನಾಟಿತು ಎಂದುಕೊಂಡೆ.

ನಾಟಿದ್ದು ನಿಜ. ಮರುದಿನ ಬೆಳಗ್ಗೆ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಬುತ್ತಿ ಬಿಚ್ಚಿದರೆ ಪಲ್ಯಕ್ಕೆ ಉಪ್ಪಿಲ್ಲ, ಖಾರವಿಲ್ಲ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಸುಳಿವೇ ಇಲ್ಲ. ಸಂಜೆ ಮನೆಗೆ ಬಂದರೆ ನಮ್ಮವ್ವ ಬಾಗಿಲಲ್ಲೇ ನಿಂತಿದ್ದಳು. ನಮ್ಮೂರು ಮಸರಕಲ್ಲಿನ ಹೊಲಗಳಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು ಅವಳು, ಈಗ ನಮ್ಮ ಜೊತೆಗೇ ಇದ್ದಾಳೆ. ನನ್ನ ಕೆನ್ನೆ, ಕತ್ತು, ಹೊಟ್ಟೆ ಎಲ್ಲ ಮುಟ್ಟಿ ನೋಡಿದಳು.

"ಯಪ್ಪಾ, ನನ್ನ ಮುಂದರ ಹೇಳು. ಏನಾಗ್ಯದ ನಿನಗ?"

"ಏನೂ ಆಗಿಲ್ಲಬೇ ಯವ್ವಾ. ಹೆಂಡ್ತಿ ಜೋಡಿ ನಾಕು ಮಾತಾಡೀನಿ, ಅಷ್ಟ."

"ಅದನ್ನ ಕೇಳಾಕತ್ತೀನಿ. ನಿಮ್ಮಪ್ಪ ನನ್ನ ಎದುರು ಕುಂತು ಮಾತಾಡಿದ್ದು ಒಮ್ಮೇನ, ಆಡು ಕಳದಾಗ. ಆಡು ಸಿಕ್ಕ ಮ್ಯಾಲ ಮತ್ತ ಸುಮ್ನಾದ. ನಿಂದೇನು ಕಳದದ ಹೇಳು."

ಅವಳಿಗೆ ತರಬೇತಿಯ ವಿಷಯ ವಿವರಿಸಿದೆ. ಗಂಡ ಹೆಂಡತಿ ಹೇಗೆ ಮಾತಾಡಬೇಕೆಂದು ಹೇಳಲು ಕಾಲೇಜಿಗೆ ಯಾರೋ ಬಂದಿದ್ದರೆಂಬುದನ್ನು ಅವಳು ನಂಬಲಿಲ್ಲ. ರೋಗ ಮುಚ್ಚಿಡಲು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳಬಹುದಿತ್ತೆಂದು ಅವಳ ಮುಖದಲ್ಲಿ ಬರೆದಿತ್ತು.

ಆ ವಾರವೇ ಬಾಗಲವಾಡದಿಂದ ಹುಲಿಗೆಮ್ಮನ ತಮ್ಮ ಯಂಕಪ್ಪ ಬಂದಿಳಿದ. ಭತ್ತದ ನಾಟಿ ಹಚ್ಚಿದ ದಿನಗಳು, ಕಾಲುವೆಗೆ ನೀರು ಬಿಟ್ಟಾಗ ಅವನು ಯಾರ ಮದುವೆಗೂ ಬರುವವನಲ್ಲ. ಬಂದವನು ಬೈಕಿನ ಹ್ಯಾಂಡಲಿಗೆ ಒಂದು ಜವಾರಿ ಕೋಳಿ ಬೇರೆ ತೂಗಿಸಿಕೊಂಡು ಬಂದಿದ್ದ. ಆದರೆ ನನಗೆ ಪಥ್ಯವಿದ್ದುದರಿಂದ ಅದನ್ನು ಯಾರೂ ಕೊಯ್ಯಲಿಲ್ಲ. ಅದು ಅಂಗಳದಲ್ಲಿ ಓಡಾಡಿಕೊಂಡಿತ್ತು. ಯಂಕಪ್ಪ ನನ್ನನ್ನು ಚಹಾ ಕುಡಿಸುವ ನೆಪದಲ್ಲಿ ಕೆರೆಯ ದಂಡೆಗೆ ಕರೆದುಕೊಂಡು ಹೋದ.

"ಮಾವಾ, ಖರೇ ಹೇಳ್ರಿ. ದೊಡ್ಡ ದವಾಖಾನಿಗೆ ಹೋಗಿದ್ರೇನು? ಏನರ ಹೇಳ್ಯಾರೇನು?"

"ಇಲ್ಲಪ."

"ಹಂಗಂದ್ರ ಎರಡನೇದು ಕೇಳಬೇಕಾಗ್ತದ. ಸಿಟ್ಟಿಗೇಳಬ್ಯಾಡ್ರಿ." ಅವನು ನನ್ನ ಮುಖ ಬಿಟ್ಟು ನೀರು ನೋಡತೊಡಗಿದ. "ದೇವದುರ್ಗದಾಗ ಯಾರರ ಅದಾರೇನ್ರಿ?"

ನಾನು ಸಿಟ್ಟಾಗಬೇಕಿತ್ತು. ನಿಜ ಹೇಳಬೇಕೆಂದರೆ, ನನ್ನ ಹೊಟ್ಟೆ ತಾನಾಗಿಯೇ ಸ್ವಲ್ಪ ಒಳಗೆ ಹೋಯಿತು. ಇಂಥ ಅನುಮಾನಕ್ಕೆ ಈ ವಯಸ್ಸಿನಲ್ಲೂ ನಾನು ಅರ್ಹನೆಂದು ಒಬ್ಬನಿಗಾದರೂ ಅನಿಸಿತಲ್ಲ. ಆ ಸಂತೋಷ ಚಹಾ ಆರುವವರೆಗೂ ಉಳಿಯಲಿಲ್ಲ.

"ನನಗಂತೂ ಹಂಗ ಅನಿಸಿಲ್ರಿ," ಎಂದ ಯಂಕಪ್ಪ. "ನಿಮ್ಮನ್ನ ಯಾರು ಕೇಳ್ತಾರ? ಅಕ್ಕನ ಸಮಾಧಾನಕ್ಕ ಕೇಳಿದೆ. ಆಕಿ ಊಟ ಬಿಟ್ಟಾಳ."

ಊಟ ಬಿಟ್ಟಿದ್ದಾಳೆಂಬುದು ನನಗೆ ಗೊತ್ತೇ ಇರಲಿಲ್ಲ. ಅವಳ ಮನಸ್ಸು ವಿಚಾರಿಸುವ ಗಡಿಬಿಡಿಯಲ್ಲಿ ಅವಳ ತಟ್ಟೆಯ ಕಡೆ ನೋಡಿರಲಿಲ್ಲ. ಯಂಕಪ್ಪನಿಗೂ ತರಬೇತಿಯ ಕಥೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ನಮ್ಮ ಕಡಿ ಭತ್ತಕ್ಕ ರೋಗ ಬಿದ್ರ ಟ್ರೇನಿಂಗ್ ಕೊಡ್ತಾರ್ರಿ, ಇದಕ್ಕೂ ಕೊಡ್ತಾರಂತ ಗೊತ್ತಿರಲಿಲ್ಲ" ಎಂದ. ಆದರೂ, ಬಂದದ್ದಂತೂ ಬಂದಿದ್ದೇನೆ, ಒಮ್ಮೆ ಡಾಕ್ಟರಿಗೆ ತೋರಿಸಿಬಿಡೋಣ, ಅಕ್ಕನ ಜೀವಕ್ಕೆ ನೆಮ್ಮದಿ ಎಂದು ಹಟ ಹಿಡಿದ.

ಹೀಗೆ ನಾನು, ಹುಲಿಗೆಮ್ಮ, ಯಂಕಪ್ಪ ಮೂವರೂ ಡಾಕ್ಟರ ಮುಂದೆ ಕೂತೆವು. ಏನು ತೊಂದರೆ ಎಂದು ಡಾಕ್ಟರು ಕೇಳಿದರೆ ನಾನು ಯಂಕಪ್ಪನನ್ನು ತೋರಿಸಿದೆ, ಯಂಕಪ್ಪ ಅಕ್ಕನನ್ನು ತೋರಿಸಿದ. ಕೊನೆಗೆ ಹುಲಿಗೆಮ್ಮನೇ, "ಇವ್ರು ಭಾಳ ಮಾತಾಡಾಕತ್ಯಾರ್ರಿ" ಎಂದಳು. ಡಾಕ್ಟರು ನನ್ನನ್ನು ನೋಡಿದರು. ನಾನು ಮಾತಾಡದೆ ಕೂತೆ. ಅವರು ನಾಡಿ ಹಿಡಿದು, ಎದೆಗೆ ಕೊಳವೆ ಇಟ್ಟು, ಬೀಪಿ ನೋಡಿ, ಹೊಟ್ಟೆ ಸ್ವಲ್ಪ ಕರಗಿಸಿ, ಬೇರೇನೂ ಇಲ್ಲ ಎಂದರು. ಆಮೇಲೆ ಹುಲಿಗೆಮ್ಮ ಎರಡು ಬೆರಳಲ್ಲಿ ಹಣೆ ಒತ್ತಿಕೊಳ್ಳುತ್ತಿರುವುದನ್ನು ಕಂಡು, ಯಂತ್ರದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದರು. ಗಾಳಿ ತುಂಬಿ ಬಿಟ್ಟರು. ಮತ್ತೊಮ್ಮೆ ತುಂಬಿ ಬಿಟ್ಟರು. ಅವರ ಮುಖ ಗಂಭೀರವಾಯಿತು.

"ತಲಿನೋವು ಎಷ್ಟು ದಿನದಿಂದ ಅದಮ್ಮಾ?"

"ದೀಪಾವಳಿಯಿಂದ ಅದರಿ. ಮಷಿನ್ ಮುಂದ ಕುಂತು ಕುಂತು ಬಂದಿರಬೇಕಂತ ಬಿಟ್ಟೆ."

ಆಗ ನಾವು ಮುಂಗಾರಿನಲ್ಲಿದ್ದೆವು. ಬೀಪಿ ತುಂಬ ಏರಿದೆ, ಇನ್ನಷ್ಟು ತಡಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಮಾತ್ರೆ ಬರೆದರು. ಉಪ್ಪು ಕಡಿಮೆ, ದಿನವೂ ನಡಿಗೆ ಎಂದರು. ಯಂಕಪ್ಪ ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನು ಮಾತ್ರೆಗಳ ಚೀಲ ಹಿಡಿದುಕೊಂಡೆ. ಆಟೋದಲ್ಲಿ ಕೂತ ಮೇಲೆ ಕೇಳಿದೆ:

"ತಲಿ ನೋಯ್ತದಂತ ನನಗ ಯಾಕ ಹೇಳಲಿಲ್ಲ? ಎದುರು ಕುಂತು ಕೇಳಿದ್ನಲ್ಲ."

"ನೀವು ಮನಸ್ಸು ಕೇಳಿದ್ರಿ," ಎಂದಳು ಹುಲಿಗೆಮ್ಮ. "ತಲಿ ಯಾರು ಕೇಳಿದ್ರು?"

ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡೇ ಕೂತೆ. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದಾನೆಂದು ಅವಳು ಒಮ್ಮೆ ಕೈ ಎಳೆದುಕೊಂಡಳು, ಆಮೇಲೆ ತಾನೇ ಕೊಟ್ಟಳು.

ಈಗ ಅವಳ ಬೀಪಿ ಹಿಡಿತಕ್ಕೆ ಬಂದಿದೆ, ತಲೆನೋವು ಹೋಗಿದೆ. ಬೆಳಗ್ಗೆ ಇಬ್ಬರೂ ಕೋಟೆಯ ಕಡೆಗೆ ನಡೆಯಲು ಹೋಗುತ್ತೇವೆ. ಎದುರು ಕೂತಾಗ ಬಾಯಿ ಬಿಡದಿದ್ದ ಹುಲಿಗೆಮ್ಮ ನಡೆಯುವಾಗ ಬಾಯಿ ಮುಚ್ಚುವುದಿಲ್ಲ. ನಮ್ಮ ಮದುವೆಯಲ್ಲಿ ನನ್ನ ಕಡೆಯವರು ಮಾವಿನಹಣ್ಣಿನ ಸೀಕರಣೆ ಕಡಿಮೆ ಬಿತ್ತೆಂದು ಗೊಣಗಿದ್ದು, ಮಗಳು ಹುಟ್ಟಿದಾಗ ನಾನು ಹೆಸರು ಹುಡುಕುತ್ತ ಊಟದ ಡಬ್ಬಿ ತರುವುದನ್ನೇ ಮರೆತದ್ದು, ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತಿವೆ. ಅವಳ ನಡಿಗೆ ದಿನದಿಂದ ದಿನಕ್ಕೆ ಚುರುಕಾಗುತ್ತಿದೆ. ನಾನು ಎರಡು ಹೆಜ್ಜೆ ಹಿಂದೆ ಏದುಸಿರು ಬಿಡುತ್ತ ಓಡುತ್ತೇನೆ.

ನಿನ್ನೆ ಬ್ಲೌಸ್ ಹೊಲಿಸಲು ಬಂದವರ ಮುಂದೆ ಅವಳು ಹೇಳುತ್ತಿದ್ದುದು ಒಳಗಿನ ಕೋಣೆಗೆ ಕೇಳಿಸಿತು: "ನಮ್ಮನಿಯವ್ರು ಈಗ ಭಾಳ ಸುಧಾರಿಸ್ಯಾರವ್ವಾ. ನಾ ಎಷ್ಟು ಹೇಳಿದ್ರೂ ಎದುರು ಮಾತಾಡಂಗಿಲ್ಲ, ಸುಮ್ನ ಕೇಳ್ತಾರ."

ಉತ್ತರ ಕೊಡಲು ಬೇಕಾದಷ್ಟು ಉಸಿರು ನನ್ನಲ್ಲಿ ಉಳಿದಿರುವುದಿಲ್ಲವೆಂದು ಅವಳಿಗೆ ಇನ್ನೂ ತಿಳಿದಿಲ್ಲ. ತಿಳಿಸುವ ಯೋಚನೆ ನನಗೂ ಇಲ್ಲ.